ನಮ್ಮಪ್ಪನ ಲೆಕ್ಕ ಬರಕೊಂಡು ಹೋದವರು ಏನು ಮಾಡಿದರು?

ಓದುಗರ ಪ್ರಶ್ನೆ: ಕಲಬುರಗಿಯ ನಿವೃತ್ತ ಕೃಷಿ ಅರ್ಥಶಾಸ್ತ್ರ ಮೇಷ್ಟರ ಉತ್ತರ

ಕೃಷಿ ಅರ್ಥಶಾಸ್ತ್ರಜ್ಞರು ಏನು ಕೆಲಸ ಮಾಡುತ್ತಾರೆ, ಅವರ ಸಂಶೋಧನೆ ಎಲ್ಲಿಗೆ ಮುಟ್ಟುತ್ತದೆ, ಕೇಳಿ ಎಂದು ಹೋದ ತಿಂಗಳು ನಾನೇ ಬರೆದಿದ್ದೆ. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ‘ಬೆಳೆವಿಮೆ ಯಾವಾಗ ಜಮಾ ಆಗತದ’ ಎಂಬವು. ಅವನ್ನು ಬದಿಗಿಟ್ಟು ಐದನ್ನು ಆರಿಸಿದ್ದೇನೆ. ಮೊದಲನೆಯ ಪತ್ರ ಎರಡು ರಾತ್ರಿ ನನ್ನ ನಿದ್ದೆ ಕೆಡಿಸಿತು. ಅದಕ್ಕೇ ಅದರ ಉತ್ತರ ಉದ್ದ.

ಪ್ರಶ್ನೆ: 1980ರ ಸುಮಾರಿಗೆ ನಮ್ಮೂರಿಗೆ ಸೈಕಲ್ ಮೇಲೆ ಒಬ್ಬರು ಬರುತ್ತಿದ್ದರು. ಮೂರು ವರ್ಷ ನಮ್ಮಪ್ಪನ ಎದುರು ಕೂತು ಎಷ್ಟು ಬೀಜ, ಎಷ್ಟು ಆಳು, ಎತ್ತಿಗೆ ಎಷ್ಟು ಮೇವು ಅಂತ ಕೇಳಿ ಬರಕೊಂಡರು. ನಮ್ಮವ್ವ ಪ್ರತಿಸಲ ಚಹಾ ಕೊಟ್ಟಳು. ಒಂದು ದಿನ ಬರುವುದು ಬಿಟ್ಟರು. ಅಪ್ಪ ಈಗಿಲ್ಲ. ಆ ಲೆಕ್ಕದಿಂದ ನಮಗೇನು ಸಿಕ್ಕಿತು?
— ಚಿಂಚೋಳಿ ತಾಲೂಕಿನ ಓದುಗರು

ಉತ್ತರ: ಆ ಸೈಕಲ್‌ನವ ನಾನಲ್ಲ. ನನ್ನ ಪಾಲಿಗೆ ಬಂದದ್ದು ಸೇಡಂ, ಚಿತ್ತಾಪುರ ಕಡೆಯ ಹಳ್ಳಿಗಳು. ಆದರೆ ಅವನೂ ನಾನೂ ಒಂದೇ ಗಾಣದ ಎತ್ತು. 1979ರಲ್ಲಿ ಬಿ.ಎಸ್ಸಿ. ಮುಗಿಸಿ, ಬೇರೆ ನೌಕರಿ ಸಿಗದೆ, ಸಾಗುವಳಿ ಖರ್ಚಿನ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದೆ. ಕಾಗಿಣಾ ಹೊಳೆ ತುಂಬಿದರೆ ಸೈಕಲ್ಲನ್ನು ಈ ದಂಡೆಯಲ್ಲೇ ಬಿಟ್ಟು ಯಾರದೋ ಮನೆಯಲ್ಲಿ ಎರಡು ದಿನ ಉಳಿಯಬೇಕಿತ್ತು. ನಿಮ್ಮವ್ವನಂಥವರ ಚಹಾ ನಾನೂ ಬಹಳ ಕುಡಿದಿದ್ದೇನೆ.

ಒಂದು ಸಂಜೆ ಫರಸಿ ಕಟ್ಟೆಯ ಮೇಲೆ ಕೂತು ಒಬ್ಬ ಯಜಮಾನರನ್ನು ಕೇಳಿದೆ: “ತೊಗರಿ ಹೊಲದಾಗ ಕಸ ತಗೀಲಿಕ್ಕಿ ಎಷ್ಟು ಹೆಣ್ಣಾಳು ಹತ್ತಿದ್ವು?” “ಮನ್ಯಾಗಿನಾಕಿನೇ ತಗದಾಳ. ಮೂರು ದಿನ ಬರ್ಕೋರಿ” ಅಂದರು. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. “ಏಳು ದಿನ ಬಗ್ಗಿ ಬಗ್ಗಿ ನನ್ನ ನಡಾ ಹೋಗ್ಯಾದ. ಮೂರು ಅಂತ ಯಾಕ ಬರಸ್ತಿ?” ಬಾಗಿಲಿಗೆ ಬಂದ ಆ ತಾಯಿಯ ಕೈ ತುಂಬ ಜೋಳದ ಹಿಟ್ಟು. ನಾನು ಮೂರನ್ನು ಹೊಡೆದು ಏಳು ಬರೆದೆ.

ಆ ಏಳು ಎಲ್ಲಿಗೆ ಹೋಯಿತು ಎಂಬುದೇ ನಿಮ್ಮ ಪ್ರಶ್ನೆ. ಬೆಳೆ ಖರ್ಚಿನ ಲೆಕ್ಕವನ್ನು ದೇಶದ ತುಂಬ ಒಂದೇ ಬಗೆಯಲ್ಲಿ ಬರೆಯುವ ಯೋಜನೆ ಶುರುವಾದದ್ದು 1970–71ರಲ್ಲಿ. ಆ ಲೆಕ್ಕ ದಿಲ್ಲಿಯ ಬೆಲೆ ಆಯೋಗಕ್ಕೆ ಹೋಗುತ್ತದೆ. ಆಯೋಗ ಹುಟ್ಟಿದ್ದು 1965ರಲ್ಲಿ, ಮೊದಲ ಅಧ್ಯಕ್ಷರು ಎಂ.ಎಲ್. ದಾಂತವಾಲಾ ಎಂಬ ಕೃಷಿ ಅರ್ಥಶಾಸ್ತ್ರಜ್ಞರು. ರೈತ ಕೈಯಿಂದ ಕೊಟ್ಟ ಖರ್ಚಿಗೆ ಅಲ್ಲಿ ಎ2 ಎನ್ನುತ್ತಾರೆ. ಅದಕ್ಕೆ ಮನೆಯವರ ದುಡಿಮೆಯ ಕಿಮ್ಮತ್ತು ಸೇರಿದರೆ ಎ2 ಮತ್ತು ಎಫ್‌ಎಲ್. ಸ್ವಂತ ಹೊಲದ ಬಾಡಿಗೆ, ಸ್ವಂತ ಬಂಡವಾಳದ ಬಡ್ಡಿಯನ್ನೂ ಕೂಡಿಸಿದರೆ ಸಿ2. ರೈತ ಸಂಘಟನೆಗಳು ಸಿ2ರ ಮೇಲೆ ಅರ್ಧಪಟ್ಟು ಹೆಚ್ಚು ಕೊಡಿ ಎನ್ನುತ್ತವೆ. ಸರ್ಕಾರ ಎ2 ಮತ್ತು ಎಫ್‌ಎಲ್ ಮೇಲೆ ಕೊಡುತ್ತೇವೆ ಎನ್ನುತ್ತದೆ. ಟಿವಿಯಲ್ಲಿ ಕೇಳುವ ಜಗಳದ ತಿರುಳು ಇಷ್ಟೇ. ಆ ತಾಯಿಯ ಏಳು ದಿನ ಎಫ್‌ಎಲ್ ಎಂಬ ಅಂಕಣದಲ್ಲಿ ಕೂಡುತ್ತದೆ. ಮೂರು ಅಂತ ಬರೆದಿದ್ದರೆ ಬೆಳೆಯ ಖರ್ಚು ಕಾಗದದ ಮೇಲೆ ಕಡಿಮೆಯಾಗುತ್ತಿತ್ತು, ಬೆಂಬಲ ಬೆಲೆಯ ಲೆಕ್ಕವೂ ಅಷ್ಟು ಕೆಳಗಿಳಿಯುತ್ತಿತ್ತು. 2025–26ಕ್ಕೆ ತೊಗರಿಗೆ ಕ್ವಿಂಟಲಿಗೆ 8000 ರೂಪಾಯಿ ಎಂದು ಸಾರಿದರಲ್ಲ, ಅದರ ತಳದಲ್ಲಿ ಸಾವಿರಾರು ಮನೆಗಳ ಇಂಥ ಮೂರು, ಏಳುಗಳಿವೆ. ಒಂದು ಮನೆಯ ಲೆಕ್ಕ ಅದೇ ಮನೆಗೆ ಲಾಭವಾಗಿ ತಿರುಗಿ ಬರುವುದಿಲ್ಲ. ಎಲ್ಲರ ರಾಶಿಯಲ್ಲಿ ಕಲೆತು ಹೋಗುತ್ತದೆ.

ಇನ್ನೊಂದು ಹಾದಿ ವಿದ್ವಾಂಸರದು. 1954–55ರಿಂದ ಹಲವು ರಾಜ್ಯಗಳಲ್ಲಿ ಹೊಲದ ಲೆಕ್ಕ ಬರೆದ ಅಧ್ಯಯನಗಳು ನಡೆದವು. ಅವುಗಳ ಕೋಷ್ಟಕ ನೋಡಿ ಅಮರ್ತ್ಯ ಸೇನ್ 1962ರಲ್ಲಿ ಒಂದು ಪುಟ್ಟ ಲೇಖನ ಬರೆದರು: ಹಿಡುವಳಿ ಸಣ್ಣದಾದಷ್ಟೂ ಎಕರೆಗೆ ಬೆಳೆ ಹೆಚ್ಚು ಕಾಣುತ್ತಿದೆ, ಯಾಕೆ? ಅರವತ್ತು ವರ್ಷ ದಾಟಿದರೂ ಆ ಪ್ರಶ್ನೆಯ ಮೇಲೆ ಜನ ಬರೆಯುತ್ತಲೇ ಇದ್ದಾರೆ. ಹೆಸರು ಸೇನರದು. ಮನೆಮನೆಗೆ ಹೋಗಿ ಅಂಕಿ ಬರೆದವರು ಯಾರು ಎಂಬುದು ಯಾವ ಲೇಖನದಲ್ಲೂ ಇಲ್ಲ. (ನನ್ನ ಹೊಟ್ಟೆಕಿಚ್ಚು ನಿಮಗೆ ಅರ್ಥವಾದೀತು.)

ಆದರೆ ನಾನು ಕೈಮುಗಿಯುವುದು ಬೇರೆಯವರಿಗೆ. ಕಲಬುರಗಿಯಿಂದ ಹುಮನಾಬಾದ, ಜಹೀರಾಬಾದ ಮೇಲೆ ಹೈದರಾಬಾದಿಗೆ ಹೋಗುವ ಬಸ್ಸು ಊರು ಮುಟ್ಟುವ ಮುಂಚೆ ಪಟಾನ್‌ಚೆರು ದಾಟುತ್ತದೆ. ಒಣಬೇಸಾಯದ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ 1972ರಲ್ಲಿ ಹುಟ್ಟಿದ್ದು ಅಲ್ಲಿ. 1975ರಲ್ಲಿ ಅಲ್ಲಿನ ಅರ್ಥಶಾಸ್ತ್ರಜ್ಞರು ಮಹಬೂಬನಗರ, ಸೊಲ್ಲಾಪುರ, ಅಕೋಲಾ ಜಿಲ್ಲೆಗಳಲ್ಲಿ ಎರಡೆರಡು ಹಳ್ಳಿ ಆರಿಸಿದರು. ಊರಿಗೆ 40 ಮನೆ: 30 ಬೇಸಾಯದವು, 10 ಭೂಮಿಯಿಲ್ಲದ ಕೂಲಿಯವರವು. ಲೆಕ್ಕ ಬರೆಯುವವರು ಆ ಊರಲ್ಲೇ ಮನೆ ಮಾಡಿಕೊಂಡು, ಮೂರು ನಾಲ್ಕು ವಾರಕ್ಕೊಮ್ಮೆ ಅದೇ ಮನೆಗೆ ಹೋಗಿ, ಕೆಲವು ಊರುಗಳಲ್ಲಿ ಹತ್ತು ವರ್ಷ ಬರೆದರು. ನಮ್ಮ ಕಲಬುರಗಿಯ ಆಚೆ ಬದಿಗೆ ಸೊಲ್ಲಾಪುರ, ಈಚೆ ಬದಿಗೆ ಮಹಬೂಬನಗರ. ಅದೇ ಎರೆ, ಅದೇ ಮಸಾರಿ, ಅದೇ ಕೈಕೊಡುವ ಮಳೆ.

ಅಲ್ಲಿ ಹಾನ್ಸ್ ಬಿನ್ಸ್‌ವಾಂಗರ್ ಎಂಬವರು ಒಂದು ಆಟ ಆಡಿಸಿದರು. ಸುಮ್ಮನೆ 50 ಪೈಸೆ ತಗೋ, ಇಲ್ಲವೇ ನಾಣ್ಯ ಚಿಮ್ಮು: ರಾಜ ಬಿದ್ದರೆ ಏನೂ ಇಲ್ಲ, ರಾಣಿ ಬಿದ್ದರೆ 2 ರೂಪಾಯಿ. ಇವೆರಡರ ನಡುವೆ ಇನ್ನೂ ಹಲವು ಆಯ್ಕೆ. ಆಮೇಲೆ ಅದೇ ಆಟ ಐದು ರೂಪಾಯಿಗೆ, ಐವತ್ತಕ್ಕೆ. ದುಡ್ಡು ನಿಜವಾದದ್ದು, ಆಗಿನ ಕೂಲಿಗೆ ಹೋಲಿಸಿದರೆ ದೊಡ್ಡದೇ. ಬಡವ ಹೆದರುಪುಕ್ಕಲ, ಅದಕ್ಕೇ ಹೊಸ ಬೀಜ ಗೊಬ್ಬರ ಮುಟ್ಟುವುದಿಲ್ಲ ಎಂದು ಕಚೇರಿಗಳಲ್ಲಿ ಆಡಿಕೊಳ್ಳುತ್ತಿದ್ದ ಕಾಲ ಅದು. 1980ರಲ್ಲಿ ಅಚ್ಚಾದ ಫಲಿತಾಂಶ ಬೇರೆಯೇ ಹೇಳಿತು: ಮೊತ್ತ ದೊಡ್ಡದಾದಂತೆ ಹೆಚ್ಚುಕಡಿಮೆ ಎಲ್ಲರೂ ಹದವಾಗಿ ಹುಷಾರಾಗುತ್ತಾರೆ, ಇದ್ದವರೂ ಇಲ್ಲದವರೂ. ಹೊಲದಲ್ಲಿ ಇಬ್ಬರೂ ಬೇರೆ ಬೇರೆ ನಡೆದರೆ ಕಾರಣ ಎದೆಯ ಪುಕ್ಕಲಿನಲ್ಲಿಲ್ಲ, ಒಬ್ಬನಿಗೆ ಸಾಲ ಸಿಗುತ್ತದೆ, ಇನ್ನೊಬ್ಬನಿಗೆ ಸಿಗುವುದಿಲ್ಲ.

ಆ ತಂಡದಲ್ಲಿದ್ದವರು ಎನ್.ಎಸ್. ಜೋಧಾ. ಮೊದಲು ಜೋಧಪುರದ ಮರುಭೂಮಿ ಸಂಶೋಧನಾ ಸಂಸ್ಥೆ, ಆಮೇಲೆ ಪಟಾನ್‌ಚೆರು, ಕೊನೆಗೆ ಕಾಠ್ಮಂಡುವಿನ ಪರ್ವತ ಪ್ರದೇಶಗಳ ಸಂಸ್ಥೆ. ಇವರು ಗಾಯರಾಣ (ಗೋಮಾಳ), ಹಳ್ಳದ ದಂಡೆ, ಕೆರೆ ಅಂಗಳ, ಹೀಗೆ ಯಾರ ಪಹಣಿಯಲ್ಲೂ ಇಲ್ಲದ ನೆಲವನ್ನು ಲೆಕ್ಕಕ್ಕೆ ತಂದರು. ಕರ್ನಾಟಕವೂ ಸೇರಿ 7 ರಾಜ್ಯಗಳ 80ಕ್ಕೂ ಹೆಚ್ಚು ಒಣಹಳ್ಳಿಗಳಲ್ಲಿ ತಿರುಗಿ, ಬಡಮನೆಗಳ ಆದಾಯದಲ್ಲಿ ನೂರಕ್ಕೆ 14ರಿಂದ 23ರಷ್ಟು ಇಂಥ ನೆಲದ ಕಟ್ಟಿಗೆ, ಮೇವು, ಸೊಪ್ಪಿನಿಂದಲೇ ಬರುತ್ತದೆ ಎಂದು 1986ರಲ್ಲಿ ತೋರಿಸಿದರು. ಅಲ್ಲಿಯವರೆಗೆ ಗಾಯರಾಣ ಎಂದರೆ ಸರ್ಕಾರಿ ಕಡತದಲ್ಲಿ ‘ಬಂಜರು’.

ನನಗೆ ಇನ್ನೂ ಹಿಡಿಸಿದ್ದು ಅವರ ಮತ್ತೊಂದು ಕೆಲಸ. ರಾಜಸ್ಥಾನದ ಎರಡು ಹಳ್ಳಿಗಳಲ್ಲಿ 1963–66ರಲ್ಲಿ ಬರೆದ ಮನೆಗಳ ಲೆಕ್ಕವನ್ನು 1982–84ರಲ್ಲಿ ಮತ್ತೆ ಬರೆದರು. ಕೆಲವು ಮನೆಗಳ ತಲಾ ಆದಾಯ ಇಳಿದಿತ್ತು. ಪುಸ್ತಕದ ಪ್ರಕಾರ ಅವರು ಇನ್ನಷ್ಟು ಬಡವರಾಗಿದ್ದರು. ಆದರೆ ಅವರನ್ನೇ ಕೇಳಿದರೆ, ಮೊದಲಿಗಿಂತ ಈಗ ಚಲೋ ಅದೇವೆ ಎಂದರು. ಯಾಕೆ? ಜೀತಕ್ಕೆ ಇರುವುದು ತಪ್ಪಿತ್ತು, ದಣಿಯ ಜಾಗದಲ್ಲಿ ಹೋಗಿ ಮಲಗುವುದು ತಪ್ಪಿತ್ತು, ಕಾಲಿಗೆ ಚಪ್ಪಲಿ ಬಂದಿತ್ತು. ಜೋಧಾ ತಮ್ಮ ಅಂಕಿಯನ್ನು ಗಟ್ಟಿ ಹಿಡಿದು ಅವರನ್ನು ತಪ್ಪೆನ್ನಲಿಲ್ಲ. ಆ ಮನೆಯವರ ಬಾಯಿಂದ ಬಂದ ಅಳತೆಗಳನ್ನೂ ತಮ್ಮ ಅಂಕಿಯ ಪಕ್ಕದಲ್ಲೇ ಇಟ್ಟು ಬರೆದರು. ಮುಂದೆ ಬಡತನವನ್ನು ಅಳೆಯುವ ಬಗ್ಗೆ ಲೋಕದಲ್ಲಿ ನಡೆದ ಚರ್ಚೆಗೆಲ್ಲ ಆ ಬರಹ ಮತ್ತೆ ಮತ್ತೆ ಬಂತು. ಬಾಗಿಲಿಗೆ ಬಂದು ‘ಏಳು’ ಎಂದ ತಾಯಿ ನನಗೆ ನೆನಪಾಗುವುದು ಈ ಬರಹ ಓದುವಾಗ.

ಈಗ ನನ್ನ ಪಾಲಿನ ತಪ್ಪು. ನಾನು ಮತ್ತು ನನ್ನಂಥ ನಾಲ್ವರು ಬರೆದ ಹನ್ನೊಂದು ವರ್ಷದ ಪುಸ್ತಕಗಳನ್ನು ಒಂದು ಕಚೇರಿಯಲ್ಲಿ ಎರಡು ಕಬ್ಬಿಣದ ಟ್ರಂಕಿನಲ್ಲಿಟ್ಟಿದ್ದೆವು. ಪಟಾನ್‌ಚೆರುವಿನ ದತ್ತಾಂಶ ಇಟ್ಟುಕೊಂಡು 1994ರಲ್ಲಿ ರಾಬರ್ಟ್ ಟೌನ್‌ಸೆಂಡ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ಔರೇಪಲ್ಲಿ, ಶಿರಾಪುರ, ಕಂಝರಾ ಊರುಗಳ ಜನ ಬರಗಾಲವನ್ನು ಹೇಗೆ ಹಂಚಿಕೊಂಡು ತಾಳುತ್ತಾರೆ ಎಂದು ಬರೆದದ್ದನ್ನು ಓದಿ, ನಾನೂ ನಮ್ಮ ಊರುಗಳದ್ದು ನೋಡೋಣವೆಂದು ಓಡಿಹೋದೆ. ಜವಾನ ಸಹಜವಾಗಿ ಹೇಳಿದ: “ಟ್ರಂಕ್ ಬೇಕಾಗಿದ್ವು ಸಾಹೇಬ್ರ, ಕಾಗದ ಖಾಲಿ ಮಾಡೀವಿ.” ಟ್ರಂಕು ಅಲ್ಲೇ ಇದ್ದವು, ಹೊಸ ಬಣ್ಣ ಹಚ್ಚಿದ್ದರು. ಅವುಗಳಲ್ಲಿ ಏನಿದೆ, ಯಾಕೆ ಬೇಕು ಎಂದು ಆ ಹನ್ನೊಂದು ವರ್ಷದಲ್ಲಿ ನಾನೊಂದು ಚೀಟಿಯನ್ನೂ ಅಂಟಿಸಿರಲಿಲ್ಲ.

ನಿಮ್ಮ ತಂದೆಯವರ ಕಟ್ಟೆಗೆ ಆ ಮನುಷ್ಯ ಒಮ್ಮೆಯಾದರೂ ತಿರುಗಿ ಬಂದು “ನೀವು ಹೇಳಿದ್ದು ಇಲ್ಲಿಗೆ ಹೋಯಿತು ನೋಡ್ರಿ” ಎನ್ನಬೇಕಿತ್ತು. ನಾನೂ ಯಾವ ಮನೆಗೂ ಹಾಗೆ ಹೋಗಿಲ್ಲ. ನಿಮ್ಮವ್ವ ಇದ್ದರೆ, ಆ ಚಹಾದ ಋಣ ನನ್ನ ಲೆಕ್ಕಕ್ಕೆ ಬರೆದುಕೊಳ್ಳಲು ಹೇಳಿ.

ಪ್ರಶ್ನೆ: ನಾನು ಭೀಮರಾಯನಗುಡಿ ಕೃಷಿ ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿನಿ. ಎಂ.ಎಸ್ಸಿ.ಗೆ ಕೃಷಿ ಅರ್ಥಶಾಸ್ತ್ರ ತೆಗೆದುಕೊಳ್ಳುವ ಆಸೆ. ಮನೆಯಲ್ಲಿ ಬ್ಯಾಂಕ್ ಪರೀಕ್ಷೆ ಬರಿ ಅಂತಾರೆ. ಇನ್ನೊಂದು, ಸಂಶೋಧಕರಿಗೆ ‘ಎಚ್ ಸೂಚ್ಯಂಕ’ ಅಂತ ಇರುತ್ತದಂತೆ. ಎಷ್ಟಿದ್ದರೆ ದೊಡ್ಡ ವಿದ್ವಾಂಸರು ಅನ್ನಬಹುದು?

ಉತ್ತರ: ತಂಗೀ, ಎರಡೂ ಒಟ್ಟಿಗೆ ಸಾಧ್ಯ. ಕೃಷಿ ಅರ್ಥಶಾಸ್ತ್ರ ಓದಿದ ಎಷ್ಟೋ ಜನ ಬ್ಯಾಂಕಿನಲ್ಲಿ, ನಬಾರ್ಡಿನಲ್ಲಿ ಇದ್ದಾರೆ. ಅಪ್ಪನಿಗೆ ಅದನ್ನು ಮೊದಲು ಹೇಳು, ಆಸೆಯ ಮಾತು ಆಮೇಲೆ.

ಎಚ್ ಸೂಚ್ಯಂಕವನ್ನು 2005ರಲ್ಲಿ ಕಟ್ಟಿದವರು ಹಿರ್ಶ್ ಎಂಬ ಭೌತವಿಜ್ಞಾನಿ. ಒಬ್ಬರ 10 ಲೇಖನಗಳನ್ನು ತಲಾ 10 ಸಲವಾದರೂ ಬೇರೆಯವರು ಉಲ್ಲೇಖಿಸಿದ್ದರೆ ಅವರ ಸೂಚ್ಯಂಕ 10. ನೇಮಕಾತಿಯಲ್ಲಿ, ಬಡ್ತಿಯಲ್ಲಿ ಕೇಳುತ್ತಾರೆ, ಆದ್ದರಿಂದ ತಿಳಿದಿರು. ಎಷ್ಟಿದ್ದರೆ ದೊಡ್ಡವರು ಎಂದರೆ, ಬರೆದ ಭಾಷೆ ಯಾವುದು, ವಯಸ್ಸೆಷ್ಟು, ಎಷ್ಟು ಜನ ಕೂಡಿ ಬರೆದದ್ದು, ಇವನ್ನೆಲ್ಲ ನೋಡದೆ ಆ ಅಂಕಿಗೆ ಅರ್ಥವೇ ಇಲ್ಲ. ಕನ್ನಡದಲ್ಲಿ ರೈತರಿಗೆ ಬರೆದದ್ದಕ್ಕೆ ಅದರಲ್ಲಿ ಸೊನ್ನೆ.

ಪ್ರಭಾವ ಹೇಗೆ ಹರಿಯುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯದ್ದೇ ಉದಾಹರಣೆ ಕೊಡುತ್ತೇನೆ. 1957ರಲ್ಲಿ ಜ್ವಿ ಗ್ರಿಲಿಕೆಸ್ ಎಂಬವರು ಅಮೆರಿಕದಲ್ಲಿ ಹೈಬ್ರಿಡ್ ಮೆಕ್ಕೆಜೋಳ ಯಾವ ರಾಜ್ಯದಲ್ಲಿ ಯಾವಾಗ, ಎಷ್ಟು ಬೇಗ ಹಬ್ಬಿತು ಎಂದು ಲೆಕ್ಕ ಹಾಕಿದರು. ಮೊದಲು ನಿಧಾನ, ಆಮೇಲೆ ಭರಭರ, ಕೊನೆಗೆ ಮತ್ತೆ ನಿಧಾನ. ಲಾಭ ಕಂಡಲ್ಲಿ ರೈತ ಬೇಗ ಹಿಡಿದಿದ್ದ. ಆ ಪ್ರಶ್ನೆ ಸಮುದ್ರ ದಾಟಿತು. ಇಲ್ಲಿ ನೆಟೆ ರೋಗದಿಂದ ನಿಂತ ತೊಗರಿ ನಿಂತಲ್ಲೇ ಒಣಗುತ್ತಿದ್ದ ದಿನಗಳು. ರೋಗ ತಾಳುವ ಇಕ್ರಿಸ್ಯಾಟಿನ ಐಸಿಪಿ 8863 ತಳಿ 1980ರ ದಶಕದಲ್ಲಿ ‘ಮಾರುತಿ’ ಎಂಬ ಹೆಸರಲ್ಲಿ ನಮ್ಮ ಹೊಲಕ್ಕೆ ಬಂತು. ನಿನ್ನ ಅಜ್ಜನನ್ನು ಕೇಳು, ಮಾರುತಿ ತೊಗರಿ ಗೊತ್ತಿರುತ್ತದೆ. 1990ರ ದಶಕದಲ್ಲಿ ಬಂತಿಲಾನ್ ಮತ್ತು ಪಿ.ಕೆ. ಜೋಶಿ ಎಂಬ ಅರ್ಥಶಾಸ್ತ್ರಜ್ಞರು ಈ ತಳಿ ನಮ್ಮ ಕಡೆ ಎಷ್ಟು ಹಬ್ಬಿತು, ಅದರ ಸಂಶೋಧನೆಗೆ ಸುರಿದ ಹಣಕ್ಕೆ ಎಷ್ಟು ಫಲ ಬಂತು ಎಂದು ಅಳೆದರು. ಗ್ರಿಲಿಕೆಸ್ ಮೆಕ್ಕೆಜೋಳಕ್ಕೆ ಕೇಳಿದ್ದನ್ನೇ ಇವರು ತೊಗರಿಗೆ ಕೇಳಿದರು. ಮುಂದೆ ಕಲಬುರಗಿ ಸಂಶೋಧನಾ ಕೇಂದ್ರದ ಟಿಎಸ್-3ಆರ್, ಜಿಆರ್‌ಜಿ-811 ಬಂದವು. ನಡುವೆ 2022ರ ಹಂಗಾಮಿನಲ್ಲಿ ನೆಟೆ ಮತ್ತೆ ಹೊಡೆಯಿತು. ಯಾವ ಮನೆ ಯಾವ ತಳಿ ಹಾಕಿತ್ತು, ಬೀಜ ಯಾರಿಂದ ತಂದಿತ್ತು, ಬೆಳೆ ಸರದಿ ಬದಲಿಸಿತ್ತೋ ಇಲ್ಲವೋ? ಎಂ.ಎಸ್ಸಿ.ಗೆ ವಿಷಯ ಬೇಕಾದರೆ ಇದು ನಿನ್ನ ಕಾಲೇಜಿನ ಗೇಟಿನಾಚೆಯೇ ಇದೆ.

ಸಂಖ್ಯಾಶಾಸ್ತ್ರ ಗಟ್ಟಿ ಮಾಡಿಕೋ. ತೆಲುಗು, ಮರಾಠಿ, ದಖನಿ ಉರ್ದು, ಮೂರರಲ್ಲಿ ಎರಡಾದರೂ ಮಾತಾಡಲು ಬರಲಿ. ನಮ್ಮ ಕಡೆ ಒಂದೇ ಊರಲ್ಲಿ ಮೂರೂ ಬೇಕಾಗುತ್ತವೆ.

ಪ್ರಶ್ನೆ: ನೀವು ಹೇಳುವ ಅರ್ಥಶಾಸ್ತ್ರಜ್ಞರೆಲ್ಲ ಪುಣೆ, ದಿಲ್ಲಿ, ಅಮೆರಿಕದವರು. ನಮ್ಮ ಭಾಗಕ್ಕೆ ಸಂಬಂಧಪಟ್ಟವರು ಯಾರೂ ಇಲ್ಲವೇ?
— ಬಸವಕಲ್ಯಾಣದ ಶಿಕ್ಷಕರು

ಉತ್ತರ: ಇದ್ದಾರೆ ಗುರುಗಳೇ. ಎಂ.ವಿ. ನಾಡಕರ್ಣಿಯವರು ನಮ್ಮ ಗುಲಬರ್ಗಾ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು, ಅದು ಬಹಳ ಜನಕ್ಕೆ ಗೊತ್ತು. ಅದಕ್ಕೂ ಮೊದಲು ಅವರು ಕೃಷಿ ಅರ್ಥಶಾಸ್ತ್ರಜ್ಞರು, ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯಲ್ಲಿ ದುಡಿದವರು. ಹಸಿರು ಶಾಲಿನ ಅಲೆ ಏರುತ್ತಿದ್ದಾಗಲೇ, 1987ರಲ್ಲಿ, ದೇಶದ ರೈತ ಚಳವಳಿಗಳ ಮೇಲೆ ಪುಸ್ತಕ ತಂದರು. ಬೆಲೆಯೊಂದನ್ನೇ ಹಿಡಿದು ಜಗ್ಗಿದರೆ, ಕೊಂಡು ಉಣ್ಣುವ ಸಣ್ಣ ರೈತನ, ಕೂಲಿಯವನ ಪಾಡೇನು ಎಂಬ ಪ್ರಶ್ನೆಯನ್ನು ಆ ಕಾಲದಲ್ಲಿ ಎತ್ತಲು ಧೈರ್ಯ ಬೇಕಿತ್ತು. ಅದರ ಮೇಲೆ ನಾವು ಕ್ಯಾಂಟೀನಿನಲ್ಲಿ ಕೈಕೈ ಮಿಲಾಯಿಸುವಷ್ಟು ವಾದ ಮಾಡಿದ್ದೇವೆ. ನಾನು ಆಗ ಎದುರು ಪಕ್ಷ. ಈಗ ಅರ್ಧ ಒಪ್ಪಿದ್ದೇನೆ.

ಇನ್ನೊಬ್ಬರು ಡಿ.ಎಂ. ನಂಜುಂಡಪ್ಪ. ಪ್ರಾದೇಶಿಕ ಅಸಮತೋಲನದ ಮೇಲೆ 2002ರಲ್ಲಿ ಅವರ ಸಮಿತಿ ಕೊಟ್ಟ ವರದಿ 175 ತಾಲೂಕುಗಳಲ್ಲಿ 114ನ್ನು ಹಿಂದುಳಿದವು ಎಂದಿತು. ‘ಅತ್ಯಂತ ಹಿಂದುಳಿದ’ 39ರಲ್ಲಿ 21 ನಮ್ಮ ಕಲಬುರಗಿ ವಿಭಾಗದವು. ಇವತ್ತು ನಿಮ್ಮ ಪಂಚಾಯಿತಿ ಸದಸ್ಯನೂ ಭಾಷಣದಲ್ಲಿ ‘ನಂಜುಂಡಪ್ಪ ವರದಿ’ ಅನ್ನುತ್ತಾನೆ. ಓದಿದವರು ಎಷ್ಟೋ ಕಡಿಮೆ, ಬಾಯಲ್ಲಿ ಮಾತ್ರ ಎಲ್ಲರಿಗೂ ಇದೆ. ಒಬ್ಬ ಅರ್ಥಶಾಸ್ತ್ರಜ್ಞನ ಹೆಸರು ಕನ್ನಡದಲ್ಲಿ ಹೀಗೆ ಆಡುಮಾತಾದದ್ದು ನಾನು ಬೇರೆ ಕಂಡಿಲ್ಲ.

ಪ್ರಶ್ನೆ: ಅದೆಲ್ಲ ಇರಲಿ ಸಾಹೇಬ್ರ, ಮನ್ಯಾಗ ಮೂವತ್ತು ಚೀಲ ತೊಗರಿ ಅದ. ಮಾರಲೋ, ಇಡಲೋ?
— ಆಳಂದ

ಉತ್ತರ: ಗಂಜಿನ (ಮಾರುಕಟ್ಟೆಯ) ಅಡತಿಯವರಿಗೆ ನನಗಿಂತ ಹೆಚ್ಚು ಗೊತ್ತು, ಆದರೆ ಅವರು ನಿಮಗೆ ಹೇಳುವುದಿಲ್ಲ. 2015ರಲ್ಲಿ ಬೇಳೆ ಕಿಲೋಗೆ 200 ರೂಪಾಯಿ ದಾಟಿದ್ದು ನೆನಪಿದೆಯಲ್ಲ? ಮರುವರ್ಷ ಎಲ್ಲರೂ ತೊಗರಿಯನ್ನೇ ಬಿತ್ತಿದರು, ಮಳೆಯೂ ಚಲೋ ಆಯಿತು. ದೇಶದ ಬೆಳೆ ಸುಮಾರು 25 ಲಕ್ಷ ಟನ್ನಿನಿಂದ 48 ಲಕ್ಷಕ್ಕೆ ಜಿಗಿಯಿತು. ಬೋನಸ್ ಸೇರಿ 5050 ಇದ್ದ ಬೆಂಬಲ ಬೆಲೆಗಿಂತ ಗಂಜಿನ ಬೆಲೆ ಕೆಳಗೆ ಬಿತ್ತು. ಖರೀದಿ ಕೇಂದ್ರದ ಮುಂದೆ ಚೀಲಗಳ ಸಾಲಿನಲ್ಲಿ ನೀವೂ ನಿಂತಿರುತ್ತೀರಿ. ಎಜೆಕಿಯಲ್ ಎಂಬವರು 1938ರಲ್ಲೇ ಇದಕ್ಕೆ ‘ಜೇಡರ ಬಲೆ’ ಸಿದ್ಧಾಂತ ಎಂದು ವಿವರಣೆ ಬರೆದಿಟ್ಟಿದ್ದರು. ಹೋದ ವರ್ಷದ ಬೆಲೆ ನೋಡಿ ಬಿತ್ತುವವರು ಆ ಬಲೆಯಲ್ಲಿ ಸುತ್ತುತ್ತಲೇ ಇರುತ್ತಾರೆ. ಸಾಲದ ಬಡ್ಡಿ ಏರುತ್ತಿದ್ದರೆ ಅಷ್ಟಕ್ಕೆ ಬೇಕಾದ ಚೀಲ ಇವತ್ತೇ ಮಾರಿ. ಉಳಿದದ್ದನ್ನು ಎರಡು ಸಲಕ್ಕೆ ಹಂಚಿ ಮಾರಿ. ಇಡುವುದಾದರೆ ಹುಳ ಬೀಳದಂತೆ ಚೆನ್ನಾಗಿ ಒಣಗಿಸಿ ಇಡಿ.

ಪ್ರಶ್ನೆ: ಹೊಲದಲ್ಲಿ ಹೆಣ್ಣುಮಕ್ಕಳ ದುಡಿಮೆ ಕುರಿತು ಪಿಎಚ್.ಡಿ. ಮಾಡುತ್ತಿದ್ದೇನೆ. ಗಂಡಸರು ಎದುರಿದ್ದರೆ ಹೆಂಗಸರು ಬಾಯಿ ಬಿಡುವುದಿಲ್ಲ. “ಎಷ್ಟು ದಿನ ದುಡಿದಿರಿ” ಅಂದರೆ “ಯಾರಿಗೆ ನೆನಪದ ಯವ್ವಾ” ಅಂತಾರೆ. ಪ್ರಶ್ನಾವಳಿ ಅರ್ಧ ಖಾಲಿ.
— ಬೀದರ ಜಿಲ್ಲೆಯ ಸಂಶೋಧನಾ ವಿದ್ಯಾರ್ಥಿನಿ

ಉತ್ತರ: ದಿನ ಎಷ್ಟು ಎಂದು ಗಂಟು ಕಟ್ಟಿ ಕೇಳಬೇಡಮ್ಮ. ಕಾರಹುಣ್ಣಿಮೆ ಆದ ಮೇಲೆ ಬಿತ್ತಿದ್ರೋ, ಮೊದಲೋ? ಪಂಚಮಿಗೆ ತವರಿಗೆ ಹೋಗೋ ಮುಂಚೆ ಒಂದು ಸಲ ಕಸ ತೆಗೆದಿದ್ರಾ? ಬಂದ ಮೇಲೆ ಎಷ್ಟು ಸಲ? ಎಳ್ಳಮಾಸಿಗೆ ಚೆರಗ ಚೆಲ್ಲಲು ಹೋದಾಗ ತೊಗರಿ ಹೊಲ ಹೇಗಿತ್ತು? ಹೀಗೆ ಹಬ್ಬದ ಮೆಟ್ಟಿಲು ಹತ್ತಿಸಿದರೆ ವರ್ಷವೆಲ್ಲ ತಾನೇ ಬಿಚ್ಚಿಕೊಳ್ಳುತ್ತದೆ. ಮನೆಯಲ್ಲಿ ಕೂತು ಕೇಳುವ ಬದಲು ಅವರ ಜೊತೆ ಹೊಲಕ್ಕೆ ಹೋಗು, ನಿನ್ನ ಕೈಗೂ ಒಂದು ಕುರಪಿ ಇರಲಿ. ಒಂದು ಸಾಲು ಕಸ ತೆಗೆಯುವಷ್ಟರಲ್ಲಿ ಪ್ರಶ್ನಾವಳಿಯ ಎರಡು ಪುಟ ತುಂಬುತ್ತವೆ. ಗಂಡ ಹೇಳಿದ ಅಂಕಿ, ಹೆಂಡತಿ ಹೇಳಿದ ಅಂಕಿ ಬೇರೆಯಾದರೆ ಎರಡನ್ನೂ ಬರೆ, ಒಂದನ್ನು ಹೊಡೆದು ಹಾಕಬೇಡ. ನಾನು ಅಂದು ಮೂರನ್ನು ಹೊಡೆದುಬಿಟ್ಟೆ. ಮೂರಕ್ಕೂ ಏಳಕ್ಕೂ ನಡುವೆ ಏನಿತ್ತು ಎಂಬುದು ಅದರ ಜೊತೆಗೇ ಹೋಯಿತು.

ಎಲ್ಲ ಮುಗಿದ ಮೇಲೆ ಅವರ ಮನೆಯ ಲೆಕ್ಕದ್ದೊಂದು ಪ್ರತಿ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಮಾಡಿಸಿ ಅವರಿಗೇ ಕೊಡು. ಆ ಅವ್ವನ ಟ್ರಂಕಿನಲ್ಲಿ ಪಹಣಿ, ರೇಷನ್ ಕಾರ್ಡಿನ ಜೊತೆ ಅದೂ ಇರಲಿ.